ಫಿಲಾಸಫಿ ಓದಲು ಯಾವ ಕಾಲೇಜು? ಕಾಸರಗೋಡಿನ ಅಂಗಳದಿಂದ ಒಂದು ಉತ್ತರ

ಪ್ಲಸ್ ಟು ರಿಸಲ್ಟ್ ಬಂದು ನಾಲ್ಕು ದಿನ ಆಗಿತ್ತು. ಪಕ್ಕದ ತೋಟದವರು ಸಂಜೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ಒಳ್ಳೆ ಮಾರ್ಕು ತೆಗೆದಿದ್ದಾಳೆ. ಬಿ.ಕಾಂ.ಗೆ ಸೀಟು ಕಷ್ಟವಿಲ್ಲ. ಆದರೆ ಅವಳಿಗೆ ಬೇಕಾದ್ದು ಫಿಲಾಸಫಿ. "ನೀವು ಅದನ್ನೇ ಓದಿದವರಲ್ವಾ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ" ಅಂದರು ಅಪ್ಪ. ನಾನು ಬೇಡ ಅನ್ನಲಿ ಎಂಬುದು ಅವರ ಆಸೆ. "ಯಾವ ಕಾಲೇಜು ಒಳ್ಳೇದು, ಅಷ್ಟು ಹೇಳಿ" ಅಂದಳು ಮಗಳು. ನಾನು ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಒಂದು ಹೆಸರು ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಇಂಜಿನಿಯರಿಂಗಿಗೆ ರ್‍ಯಾಂಕಿಂಗ್ ಉಂಟು, ಪ್ಲೇಸ್‌ಮೆಂಟಿನ ಲೆಕ್ಕ ಉಂಟು. ಫಿಲಾಸಫಿ ವಿಭಾಗಗಳಿಗೆ, ಕೇಂದ್ರ ಸರಕಾರ ಕಾಲೇಜುಗಳಿಗೆ ಸ್ಥಾನ ಕೊಡುವ ಎನ್‌ಐಆರ್‌ಎಫ್‌ನಲ್ಲಿ ಬೇರೆ ಪಟ್ಟಿಯೇ ಇಲ್ಲ. ಅದು ಇಡೀ ಕಾಲೇಜನ್ನು ಅಳೆಯುತ್ತದೆ. ಕಾಲೇಜಿನ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡೂ ಹಾಗೆಯೇ. ಗೇಟಿನ ಮೇಲೆ ಎ ಪ್ಲಸ್ ಅಂತ ದೊಡ್ಡ ಬೋರ್ಡು ಇರಬಹುದು, ಒಳಗೆ ಫಿಲಾಸಫಿಗೆ ಒಬ್ಬರೇ ಗೆಸ್ಟ್ ಲೆಕ್ಚರರ್ ಇರಬಹುದು.

ಚಾ ಕುಡಿಯುತ್ತಾ ಅಪ್ಪ ಅಸಲು ಮಾತು ಹೊರಗೆ ಹಾಕಿದರು. "ಅಲ್ಲ, ಇದು ಸನ್ಯಾಸಿಗಳು ಓದುವಂಥದ್ದಲ್ವಾ?" ಅವರ ತಪ್ಪಲ್ಲ. ಯಾರಾದರೂ ಕೆಲಸಕ್ಕೆ ಬಾರದ ಮಾತು ಆಡಿದರೆ "ಭಾರೀ ವೇದಾಂತ ಹೇಳ್ತಾನೆ" ಅಂತ ನಾವೇ ನಗುತ್ತೇವಲ್ಲ. ಹಾಗಾಗಿ ಕಾಲೇಜಿನ ಮಾತಿಗೆ ಮೊದಲು, ಅಲ್ಲಿ ಮೂರು ನಾಲ್ಕು ವರ್ಷ ಕೂತು ಮಾಡುವುದು ಎಂತ ಅಂತ ಹೇಳಬೇಕಾಯಿತು. ಅದು ಗೊತ್ತಾದರೆ ಕಾಲೇಜು ಆರಿಸುವ ದಾರಿ ಅರ್ಧ ಸವೆದ ಹಾಗೆ.

ವಾಲಿ, ಹೊಗೆ ಮತ್ತು ಮೇಳ

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ತಾಳಮದ್ದಳೆ ಉಂಟು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿ ಬಾಣ ತಿಂದು ಬಿದ್ದಿದ್ದಾನೆ. ಎದುರು ರಾಮ. "ನಾನು ನಿನಗೆ ಏನು ಅನ್ಯಾಯ ಮಾಡಿದ್ದೆ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?" ಎಂದು ವಾಲಿ ಕೇಳುತ್ತಾನೆ. ಪಾತ್ರದ ಮಾತಾಡುವ ಒಳ್ಳೆ ಅರ್ಥಧಾರಿ ಆ ಪ್ರಶ್ನೆ ಕೇಳಿದಾಗ ರಾಮಭಕ್ತನೂ ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ. ಮಜಾ ಇರುವುದು ಮುಂದಿನ ವಾರ. ಅದೇ ಕಲಾವಿದ ಇನ್ನೊಂದು ಊರಲ್ಲಿ ರಾಮನಾಗಿ ಕೂತು, ಹೋದ ವಾರ ತಾನೇ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಎರಡೂ ಕಡೆಯ ವಾದವನ್ನು ಅದರ ಪೂರ್ತಿ ಬಲದಲ್ಲಿ ಹೇಳಲು ಬರಬೇಕು. ಫಿಲಾಸಫಿ ಕ್ಲಾಸಿನ ಮೊದಲ ಪಾಠ ಇದು. ನೀನು ಒಪ್ಪದ ಮಾತನ್ನು, ಅದನ್ನು ಒಪ್ಪುವವನೇ "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ಹೇಳು. ಆಮೇಲೆ ಬೇಕಾದರೆ ಖಂಡಿಸು. ಹಳಬರು ಇದನ್ನು ಪೂರ್ವಪಕ್ಷ ಅನ್ನುತ್ತಿದ್ದರು.

ಎರಡನೆಯದು ಹೊಗೆಯ ಕಥೆ. ತರ್ಕಕ್ಕೇ ಹೆಸರಾದ ನ್ಯಾಯ ದರ್ಶನದ ಹಳೆಯ ಉದಾಹರಣೆ, ಐದು ಹೆಜ್ಜೆ. ಗುಡ್ಡದ ಮೇಲೆ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ. ಈ ಗುಡ್ಡದಲ್ಲೂ ಅಂಥದ್ದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಇವಕ್ಕೆ ಹೆಸರು. ಕೇಳಲಿಕ್ಕೆ ಎಷ್ಟು ಸಲೀಸು, ಅಲ್ವಾ? ಈಗ ಡಿಸೆಂಬರಿನ ಬೆಳಗ್ಗೆ ನಮ್ಮ ಪೊಸಡಿಗುಂಪೆ ಗುಡ್ಡದ ಕಡೆ ನೋಡಿ. ತುದಿಯಲ್ಲಿ ಬೆಳ್ಳಗೆ ಏಳುತ್ತಿರುವುದು ಹೊಗೆಯಾ ಮಂಜಾ? ಮಂಜಾದರೆ ಐದೂ ಹೆಜ್ಜೆ ಗುಡ್ಡದಿಂದ ಕೆಳಗೆ. ಸರಿ, ಹೊಗೆಯೇ ಅಂತ ಇಟ್ಟುಕೊಳ್ಳೋಣ. ಆಗ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕ ಎದ್ದು ನಿಲ್ಲುತ್ತಾನೆ. "ಹೊಗೆ ಇದ್ದಲ್ಲೆಲ್ಲ ಬೆಂಕಿ ಅಂದಿರಲ್ಲ, ಎಲ್ಲ ಹೊಗೆಯನ್ನೂ ನೋಡಿ ಬಂದಿದ್ದೀರಾ? ನಾಳೆ ಏಳುವ ಹೊಗೆಯನ್ನು ಯಾವಾಗ ನೋಡಿದಿರಿ?" ಇದಕ್ಕೆ ಥಟ್ಟನೆ ಉತ್ತರ ಹೇಳಿ ನೋಡೋಣ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ್ದೂ ಹೆಚ್ಚುಕಡಿಮೆ ಇದೇ ತಕರಾರು. ಇಷ್ಟು ದಿನ ಸೂರ್ಯ ಹುಟ್ಟಿದ ಎಂಬುದರಿಂದ ನಾಳೆಯೂ ಹುಟ್ಟುತ್ತಾನೆ ಎಂದು ಹೇಗೆ ಹೇಳುತ್ತೀರಿ ಅಂತ. ವಿಜ್ಞಾನದ ಬುಡಕ್ಕೇ ಹೋಗುವ ಪ್ರಶ್ನೆ ಇದು. ಸನ್ಯಾಸಕ್ಕೂ ಇದಕ್ಕೂ ಎಂತ ಸಂಬಂಧ?

ಮೂರನೆಯದು ನನಗೆ ಇಷ್ಟದ್ದು. ಒಂದು ಯಕ್ಷಗಾನ ಮೇಳ ಉಂಟು ಅನ್ನಿ. ನಲವತ್ತು ವರ್ಷದಲ್ಲಿ ಭಾಗವತರು ಬದಲಾದರು. ವೇಷಧಾರಿಗಳು ಬದಲಾದರು. ಚೆಂಡೆ, ಕಿರೀಟ, ಲಾರಿ ಎಲ್ಲ ಹೊಸತು. ಯಜಮಾನರೂ ಬೇರೆ. ಆದರೂ "ಅದೇ ಮೇಳ" ಅನ್ನುತ್ತೇವೆ. ಯಾವುದರಿಂದ ಅದೇ? ಹೆಸರಿನಿಂದಲಾ, ಆಟದ ಕ್ರಮದಿಂದಲಾ? ಏನು ಬದಲಾದರೆ "ಇದು ಆ ಮೇಳ ಅಲ್ಲ" ಅನ್ನುತ್ತೀರಿ? ಸುಮ್ನೆ ಹರಟೆ ಅನಿಸಬಹುದು. ಆದರೆ ಇಂಥದ್ದೇ ಪ್ರಶ್ನೆ ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಂತಿತ್ತು. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಾಗಕ್ಕೆ ಕುತ್ತು ಬಂತು ಅಂತ 1970ರಲ್ಲಿ ಹಾಕಿದ ಅರ್ಜಿ ಅದು. ಬೆಳೆಯುತ್ತಾ ಬೆಳೆಯುತ್ತಾ, ಸಂವಿಧಾನವನ್ನು ಪಾರ್ಲಿಮೆಂಟು ಎಷ್ಟರ ಮಟ್ಟಿಗೆ ಬದಲಾಯಿಸಬಹುದು ಎಂಬಲ್ಲಿಗೆ ಬಂದು ಮುಟ್ಟಿತು. 13 ನ್ಯಾಯಾಧೀಶರು ಕೂತರು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು, 7ಕ್ಕೆ 6. ತಿದ್ದುಪಡಿ ಮಾಡಬಹುದು, ಆದರೆ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅಂತ. ಅಂದರೆ, ಭಾಗಗಳು ಬದಲಾಗಲಿ, ಆದರೆ ಒಂದು ಗೆರೆ ದಾಟಿದರೆ ಅದು ಅದೇ ಸಂವಿಧಾನ ಅಲ್ಲ. ಆ ಗೆರೆ ಎಲ್ಲಿ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಬಹುಮತ ಒಂದೇ ಒಂದು ಓಟಿನದ್ದು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಎಡನೀರಿನ ಹೆಸರು ಕೇಳಿ ಅಪ್ಪ ನೆಟ್ಟಗೆ ಕೂತರು. ಸ್ವಾಮೀಜಿಯವರನ್ನು ಅವರು ಹತ್ತಿರದಿಂದ ಕಂಡವರು. "ಅದು ಲಾ ಅಲ್ವಾ?" ಅಂದರು. ಲಾ ಹೌದು. ಆದರೆ ಅಲ್ಲಿ ವಾದ ನಡೆದದ್ದು ಈ ಪ್ರಶ್ನೆಯ ಮೇಲೆ.

ಈ ಮೂರರಲ್ಲೂ ಕೆಲಸ ಒಂದೇ. ವಾದವನ್ನು ಬಿಡಿಸುವುದು, ಪ್ರತಿ ಹೆಜ್ಜೆಯನ್ನೂ ಅಲ್ಲಾಡಿಸಿ ನೋಡುವುದು, ಸೋತರೆ ಒಪ್ಪಿಕೊಳ್ಳುವುದು. ಕುಂಬಳೆ ಸೀಮೆಯ ತ್ರಿವಿಕ್ರಮ ಪಂಡಿತಾಚಾರ್ಯರು 13ನೇ ಶತಮಾನದಲ್ಲಿ ಮಧ್ವಾಚಾರ್ಯರ ಜೊತೆ ದಿನಗಟ್ಟಲೆ ವಾದ ಮಾಡಿ, ಕೊನೆಗೆ ಅವರ ಶಿಷ್ಯರೇ ಆದರು. ಈ ಕೆಲಸವನ್ನು ಪಾಠ ಕೇಳಿ ಮಾತ್ರ ಕಲಿಯಲು ಆಗುವುದಿಲ್ಲ. ಈಜು ಕಲಿತ ಹಾಗೆ, ನೀರಿಗೆ ಇಳಿಯಲೇಬೇಕು. ಬರೆಯಬೇಕು. ಬರೆದದ್ದನ್ನು ತಿಳಿದವರೊಬ್ಬರು ಓದಿ, "ನೋಡು, ನಿನ್ನ ಮೂರನೇ ಸಾಲಿಗೂ ನಾಲ್ಕನೇ ಸಾಲಿಗೂ ನಡುವೆ ಸೇತುವೆ ಇಲ್ಲ" ಅನ್ನಬೇಕು. ಹಾಗಾಗಿ ಕಾಲೇಜು ಆರಿಸಲು ನನ್ನ ಹತ್ತಿರ ಇರುವ ಅಳತೆಕೋಲು ಒಂದೇ. ನೀನು ಬರೆದದ್ದನ್ನು ಓದುವವರು ಅಲ್ಲಿ ಇದ್ದಾರಾ?

ಪೂರ್ತಿ ಊಟವಾ, ಒಂದು ಪಲ್ಯವಾ

ಮೊದಲು ಒಂದು ಗೊಂದಲ ಬಿಡಿಸಬೇಕು. "ನಮ್ಮಲ್ಲಿ ಫಿಲಾಸಫಿ ಇದೆ" ಅಂತ ಎಲ್ಲ ಕಾಲೇಜೂ ಹೇಳಬಹುದು. ಒಂದೊಂದು ಕಡೆ ಅದರ ಅರ್ಥ ಒಂದೊಂದು.

ಕರ್ನಾಟಕದ ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಬಿ.ಎ. ಅಂದರೆ ಸಾಮಾನ್ಯವಾಗಿ ಮೂರು ವಿಷಯಗಳ ಜೋಡಣೆ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇದ್ದ ಹಾಗೆ. ಎಲ್ಲೋ ಕೆಲವು ಕಡೆ ಮೂರರಲ್ಲಿ ಒಂದು ತತ್ತ್ವಶಾಸ್ತ್ರ. ಅಲ್ಲಿ ಡಿಗ್ರಿಯ ಮೂರರಲ್ಲಿ ಒಂದು ಪಾಲು ಮಾತ್ರ ಫಿಲಾಸಫಿ. 2021ರಲ್ಲಿ ಅಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಮರಳಿದರು.

ಕೇರಳದಲ್ಲಿ ಆದದ್ದು ಉಲ್ಟಾ. 2024ರಿಂದ ಇಲ್ಲಿ ನಾಲ್ಕು ವರ್ಷದ ಪದವಿ. ಒಂದು ಮೇಜರ್, ಅಂದರೆ ಮುಖ್ಯ ವಿಷಯ, ಜೊತೆಗೆ ಮೈನರ್‌ಗಳು. ಮೂರು ವರ್ಷ ಮುಗಿಸಿ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು. ನಾಲ್ಕನೇ ವರ್ಷಕ್ಕೆ ನಿಂತರೆ ಆನರ್ಸ್. ಯುಜಿಸಿ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡಾ ಇದ್ದವರಿಗೆ ಸಂಶೋಧನೆಯ ಜೊತೆ ಆನರ್ಸ್ ಮಾಡುವ ದಾರಿ ಉಂಟು. ನಾಲ್ಕು ವರ್ಷ ಮುಗಿಸಿದವರಿಗೆ ಮುಂದೆ ಎಂ.ಎ. ಒಂದೇ ವರ್ಷ ಸಾಕು. ದೆಹಲಿ ವಿಶ್ವವಿದ್ಯಾಲಯದಲ್ಲೂ 2022ರಿಂದ ನಾಲ್ಕು ವರ್ಷದ ಕ್ರಮ.

ಹಾಗಂತ ಮೂರರಲ್ಲಿ ಒಂದು ಪಾಲು ಕೆಟ್ಟದು ಅಲ್ಲ. 17ನೇ ವಯಸ್ಸಿನಲ್ಲಿ, ರುಚಿ ನೋಡದೆ, ಇಡೀ ಎಲೆಯ ತುಂಬ ಒಂದೇ ಪದಾರ್ಥ ಬಡಿಸಿಕೊಳ್ಳುವುದು ಎಲ್ಲರಿಗೂ ಹಿಡಿಸುವುದಿಲ್ಲ. ಚರಿತ್ರೆ ಜೊತೆಗಿದ್ದರೆ ಫಿಲಾಸಫಿಗೆ ನೆಲ ಸಿಗುತ್ತದೆ. ಗಣಿತ ಜೊತೆಗಿದ್ದರೆ ತರ್ಕ ಚೂಪಾಗುತ್ತದೆ. ಆದರೆ ಸೇರುವ ಮೊದಲು ಗೊತ್ತಿರಬೇಕು, ಅಷ್ಟೆ.

ಸಿಲಬಸ್ ಓದುವುದು ಹೇಗೆ

ಪ್ರಾಸ್ಪೆಕ್ಟಸ್ ಪಕ್ಕಕ್ಕಿಡಿ. ಅದರಲ್ಲಿ ಮರದ ಕೆಳಗೆ ನಗುತ್ತಾ ಕೂತ ಹುಡುಗ ಹುಡುಗಿಯರ ಫೋಟೊ ಇರುತ್ತದೆ. ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಸಿಲಬಸ್ ಇಳಿಸಿಕೊಳ್ಳಿ. ಬೇಸರದ ದಾಖಲೆ, ಆದರೆ ಸುಳ್ಳು ಹೇಳುವುದಿಲ್ಲ.

ನಾನು ಮೊದಲು ಹುಡುಕುವುದು ತರ್ಕವನ್ನು. ಎಷ್ಟು ಪೇಪರು? ಮೊದಲ ವರ್ಷದಲ್ಲೇ ಉಂಟಾ? ಅರಿಸ್ಟಾಟಲನ ಹಳೆ ಲೆಕ್ಕಗಳಲ್ಲೇ ನಿಲ್ಲುತ್ತದಾ, ಚಿಹ್ನೆ ಬಳಸುವ ಆಧುನಿಕ ತರ್ಕದ ತನಕ ಹೋಗುತ್ತದಾ? ತರ್ಕ ಗಟ್ಟಿ ಇಲ್ಲದ ಕೋರ್ಸು ಅಂದರೆ ತಾಳ ಕಲಿಸದ ಸಂಗೀತ ಕ್ಲಾಸು.

ಎರಡನೇದು, ಭಾರತೀಯ ದರ್ಶನ ಅಂತ ಬರೆದಲ್ಲಿ ಒಳಗೆ ಏನಿದೆ ನೋಡಿ. ಬರೀ ವೇದಾಂತ ಇದ್ದು, ಉಳಿದವರಿಗೆ ಒಂದೊಂದು ಪುಟವಾದರೆ ಅರ್ಧ ಕಥೆ ಹೋಯಿತು. ಶಂಕರರು ಯಾರ ಜೊತೆ ವಾದ ಮಾಡಿದರು ಎಂದು ತಿಳಿಯಲು ಬೌದ್ಧರು ಬೇಕು, ಸಾಂಖ್ಯರು ಬೇಕು, ಮೀಮಾಂಸಕರು ಬೇಕು. ಎದುರಾಳಿಯೇ ಇಲ್ಲದ ತಾಳಮದ್ದಳೆ ಆಗಬಾರದು.

ಮೂರನೇದು ಸ್ವಲ್ಪ ಸೂಕ್ಷ್ಮ. ಸಿಲಬಸ್ ಹೆಸರುಗಳ ಪಟ್ಟಿಯಾ, ಪ್ರಶ್ನೆಗಳ ಪಟ್ಟಿಯಾ? "ಪ್ಲೇಟೋ, ಅರಿಸ್ಟಾಟಲ್, ಡೆಕಾರ್ಟ್, ಲಾಕ್, ಕಾಂಟ್" ಅಂತ ಮಾತ್ರ ಇದ್ದರೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆ "ಕಾಂಟನ ಬಗ್ಗೆ ಟಿಪ್ಪಣಿ ಬರೆಯಿರಿ". ಅದಕ್ಕೆ ಗೈಡು ಸಾಕು. "ಮನಸ್ಸು ಮತ್ತು ದೇಹ ಬೇರೆ ಬೇರೆಯಾ?", "ಗೊತ್ತಿದೆ ಅನ್ನಲು ಏನು ಬೇಕು?" ಎಂಬ ಥರದ ಪೇಪರುಗಳಿದ್ದರೆ ನೀವು ಯೋಚಿಸಲೇಬೇಕಾಗುತ್ತದೆ. ಜೊತೆಗೆ ಮೂಲ ಕೃತಿಯ ಒಂದು ಅಧ್ಯಾಯವನ್ನಾದರೂ ಓದಿಸುತ್ತಾರಾ ನೋಡಿ. ಹಳೆ ಪ್ರಶ್ನೆಪತ್ರಿಕೆಗಳು ಸಿಕ್ಕಿದರೆ ಇನ್ನೂ ಒಳ್ಳೆಯದು. ಐದು ವರ್ಷದ ಪತ್ರಿಕೆ ಒಟ್ಟಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಆ ವಿಭಾಗದ ನಾಡಿ ಸಿಗುತ್ತದೆ.

ಯಾರು ಓದುತ್ತಾರೆ?

ಈಗ ನನ್ನದೇ ಕಥೆ. ನಾನು ಓದಿದ ಕಾಲೇಜಿನ ಹೆಸರು ಬೇಡ. ಕಟ್ಟಡ ಚಂದ ಇತ್ತು. ಮೂರು ವರ್ಷದಲ್ಲಿ ನಾನು ಕೊಟ್ಟ ಅಸೈನ್‌ಮೆಂಟ್‌ಗಳಲ್ಲಿ ಒಂದೇ ಒಂದು ತಿದ್ದಿ ವಾಪಸ್ ಬರಲಿಲ್ಲ. ಮಾರ್ಕು ಮಾತ್ರ ಬರುತ್ತಿತ್ತು, ಹತ್ತಕ್ಕೆ ಎಂಟು. ಯಾಕೆ ಎಂಟು, ಯಾಕೆ ಒಂಬತ್ತಲ್ಲ ಎಂದು ಯಾರೂ ಹೇಳಲಿಲ್ಲ. ಒಮ್ಮೆ ಪರೀಕ್ಷೆ ಮಾಡೋಣ ಅಂತ ನಡು ಪುಟದಲ್ಲಿ ಅಡಿಕೆ ರೇಟು ಬರೆದು ಕೊಟ್ಟೆ. ಎಂಟೇ ಬಂತು.

ಎಂ.ಎ.ಗೆ ಹೋದಾಗ ಒಬ್ಬ ಅಧ್ಯಾಪಕಿ ನನ್ನ ನಾಲ್ಕು ಪುಟದ ಬರಹವನ್ನು ಕೆಂಪು ಶಾಯಿಯಲ್ಲಿ ತುಂಬಿಸಿ ಕೊಟ್ಟರು. ಮೊದಲ ವಾಕ್ಯದ ಕೆಳಗೇ "ಹೀಗೆಂದು ನಿಮಗೆ ಹೇಗೆ ಗೊತ್ತು?" ಅಂತ ಇತ್ತು. ಎರಡು ದಿನ ಸಿಟ್ಟು. ಮೂರನೇ ದಿನ ತಿಳಿಯಿತು, ನಾನು ಫಿಲಾಸಫಿ ಓದಲು ಶುರು ಮಾಡಿದ್ದು ಆ ಸೋಮವಾರದಿಂದ ಅಂತ. ಅದಕ್ಕೆ ಮೊದಲಿನ ಮೂರು ವರ್ಷ ಲೆಕ್ಕಕ್ಕಿಲ್ಲ.

ಹಾಗಾಗಿ ಸೇರುವ ಮೊದಲು ಒಂದು ಕೆಲಸದ ದಿನ ಕಾಲೇಜಿಗೆ ಹೋಗಿ ಬನ್ನಿ. ಅಡ್ಮಿಷನ್ ದಿನ ಬೇಡ, ಆ ದಿನ ಎಲ್ಲರೂ ಒಳ್ಳೆಯವರೇ. ಎರಡನೇ ವರ್ಷದ ಒಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಬರೆದದ್ದು ತಿದ್ದಿ ವಾಪಸ್ ಬರುತ್ತದಾ? ಕ್ಲಾಸಿನಲ್ಲಿ ಎದ್ದು "ಇದು ನನಗೆ ಸರಿ ಕಾಣುವುದಿಲ್ಲ" ಅಂದರೆ ಮೇಷ್ಟ್ರಿಗೆ ಖುಷಿಯಾ, ಕೋಪವಾ? ಕಾಯಂ ಅಧ್ಯಾಪಕರು ಎಷ್ಟು ಮಂದಿ? ಹೋದ ವರ್ಷ ಇದ್ದವರು ಈ ವರ್ಷವೂ ಇದ್ದಾರಾ? ಒಬ್ಬರೇ ಇದ್ದರೆ ಎಷ್ಟು ಒಳ್ಳೆಯವರಾದರೂ ಮೂರು ವರ್ಷ ಒಂದೇ ದನಿ ಕೇಳಬೇಕಾಗುತ್ತದೆ. ಫಿಲಾಸಫಿಗೆ ಕನಿಷ್ಠ ಇಬ್ಬರು ಜಗಳವಾಡುವವರು ಬೇಕು.

ಆಮೇಲೆ ಲೈಬ್ರರಿಗೆ ಹೋಗಿ. ಫಿಲಾಸಫಿ ಕಪಾಟಿನಿಂದ ನಾಲ್ಕು ಪುಸ್ತಕ ತೆಗೆದು, ಹಿಂದಿನ ಪುಟದಲ್ಲಿ ಅಂಟಿಸಿದ ತಾರೀಕಿನ ಚೀಟಿ ನೋಡಿ. ಕೊನೆಯ ಸೀಲು ಯಾವ ವರ್ಷದ್ದು? ಈಗ ಕಂಪ್ಯೂಟರಿನಲ್ಲಿ ಎಂಟ್ರಿ ಮಾಡುವ ಕಡೆ ಚೀಟಿ ಇರುವುದಿಲ್ಲ. ಆಗ ಧೂಳು ನೋಡಿದರೂ ಸಾಕು.

ಕ್ಲಾಸಿನ ಗಾತ್ರವೂ ಮುಖ್ಯ. ಇಲ್ಲಿ ಒಂದು ತಮಾಷೆ ಉಂಟು. ಫಿಲಾಸಫಿಗೆ ಬೇಡಿಕೆ ಕಡಿಮೆ ಎಂಬುದೇ ಅದರ ಲಾಭ. ಹದಿನೈದು ಮಂದಿಯ ಕ್ಲಾಸಿನಲ್ಲಿ ಅಡಗಿ ಕೂರಲು ಜಾಗವಿಲ್ಲ. ಬಿ.ಕಾಂ. ಕ್ಲಾಸಿನಲ್ಲಿ ಅರುವತ್ತರ ನಡುವೆ ಕರಗಿ ಹೋಗುವ ಹುಡುಗಿ ಇಲ್ಲಿ ದಿನಾ ಬಾಯಿ ತೆರೆಯಲೇಬೇಕು.

ಹತ್ತಿರದಿಂದ ದೂರಕ್ಕೆ

ಹೆಸರು ಹೇಳದೆ ಬಿಡುವುದಿಲ್ಲ ಅಂತ ಹುಡುಗಿ ಕಾಯುತ್ತಿದ್ದಳು. ಸರಿ. ಇದು ರ್‍ಯಾಂಕ್ ಅಲ್ಲ, ನಮ್ಮ ಅಂಗಳದಿಂದ ಹೊರಟ ದಾರಿ.

ಕಾಸರಗೋಡಿನಿಂದ ದಕ್ಷಿಣಕ್ಕೆ ರೈಲು ಹತ್ತಿದರೆ ಮೊದಲು ನೆನಪಾಗುವುದು ತಲಶ್ಶೇರಿ ಹತ್ತಿರ ಧರ್ಮಡಂನಲ್ಲಿರುವ ಸರಕಾರಿ ಬ್ರೆಣ್ಣನ್ ಕಾಲೇಜು. 1862ರಲ್ಲಿ ಶಾಲೆಯಾಗಿ ಶುರುವಾಗಿ 1890ರಲ್ಲಿ ಕಾಲೇಜಾದದ್ದು. ಅಲ್ಲಿ ಫಿಲಾಸಫಿ ವಿಭಾಗ ಉಂಟು, ಅದು ನಮ್ಮದೇ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಇನ್ನೂ ಕೆಳಗೆ ಹೋದರೆ 1875ರ ಎರ್ನಾಕುಳಂ ಮಹಾರಾಜಾಸ್ ಕಾಲೇಜು, ತಿರುವನಂತಪುರದ ಯೂನಿವರ್ಸಿಟಿ ಕಾಲೇಜು. ಸಂಸ್ಕೃತದ ಒಲವಿದ್ದರೆ ಕಾಲಡಿಯ ಶ್ರೀ ಶಂಕರಾಚಾರ್ಯ ಸಂಸ್ಕೃತ ವಿಶ್ವವಿದ್ಯಾಲಯ. ಸರಕಾರಿ ಕಾಲೇಜುಗಳ ಫೀಸು ನಮ್ಮಂಥವರ ಕೈಗೆ ಎಟುಕುವಂಥದ್ದು. ಮನೆ ಬಿಟ್ಟು ಹೋಗಲು ಆಗದವರಿಗೆ ಕೊಲ್ಲಂನ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾಲಯದಲ್ಲಿ ಫಿಲಾಸಫಿ ಬಿ.ಎ. ಉಂಟು, ನಾರಾಯಣಗುರು ಅಧ್ಯಯನವೂ ಸೇರಿದ್ದು. ಆದರೆ ನನ್ನ ಅಳತೆಕೋಲು ಮರೆಯಬೇಡಿ. ದೂರಶಿಕ್ಷಣದಲ್ಲಿ ನಿಮ್ಮ ಬರಹಕ್ಕೆ ಎದುರಾಡುವವರನ್ನು ನೀವೇ ಹುಡುಕಿಕೊಳ್ಳಬೇಕು.

ಉತ್ತರಕ್ಕೆ ಹೋದರೆ ಮಂಗಳೂರು ದಾಟಿ ಮಣಿಪಾಲ. ಅಲ್ಲಿನ ಸೆಂಟರ್ ಫಾರ್ ಹ್ಯುಮ್ಯಾನಿಟೀಸ್ ಮೊದಲು ಫಿಲಾಸಫಿಯ ಹೆಸರನ್ನೂ ಹೊತ್ತಿತ್ತು. ಫಿಲಾಸಫರ್ ಸುಂದರ್ ಸರುಕ್ಕೈ ಕಟ್ಟಿ ಬೆಳೆಸಿದ್ದು. ಸಾಹಿತ್ಯ, ಚರಿತ್ರೆ, ಸಮಾಜಶಾಸ್ತ್ರದ ಜೊತೆ ಫಿಲಾಸಫಿಯನ್ನೂ ಬೆರೆಸಿ ಓದಿಸುವ ಬಿ.ಎ. ಖಾಸಗಿ ವಿಶ್ವವಿದ್ಯಾಲಯ, ಫೀಸು ಆ ಮಟ್ಟದ್ದೇ. ಮೈಸೂರಿಗೆ ಈ ವಿಷಯದಲ್ಲಿ ದೊಡ್ಡ ಹಿನ್ನೆಲೆ ಉಂಟು. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ 1918ರಿಂದ 1921ರ ತನಕ ಅಲ್ಲಿ ಪಾಠ ಮಾಡಿದರು. ಮಹಾರಾಜ ಕಾಲೇಜಿನಲ್ಲಿದ್ದ ಎಂ. ಹಿರಿಯಣ್ಣನವರು 1932ರಲ್ಲಿ ಹೊರತಂದ ಭಾರತೀಯ ದರ್ಶನಗಳ ಪುಸ್ತಕ ಇವತ್ತಿಗೂ ದೇಶವಿಡೀ ಓದಿಸುವಂಥದ್ದು. ಆದರೆ ಹಿನ್ನೆಲೆ ಬೇರೆ, ಈ ವರ್ಷದ ಟೈಮ್‌ಟೇಬಲ್ ಬೇರೆ. ಮೈಸೂರು ಇರಲಿ, ಧಾರವಾಡ ಇರಲಿ, ಹೋಗಿ ಕೇಳಿಯೇ ತಿಳಿಯಬೇಕು.

ಇನ್ನೂ ದೂರಕ್ಕೆ ಹೊರಟರೆ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು. ರಾಧಾಕೃಷ್ಣನ್ ಸ್ವತಃ ಓದಿದ್ದು ಇದೇ ಕಾಲೇಜಿನಲ್ಲಿ, ಆಗ ಅದು ಮದ್ರಾಸು ಪೇಟೆಯೊಳಗೇ ಇತ್ತು. ಪುಣೆಯ ಫರ್ಗ್ಯೂಸನ್. ಕೊಲ್ಕತ್ತಾದ ಪ್ರೆಸಿಡೆನ್ಸಿ ಮತ್ತು ಜಾದವ್‌ಪುರ, ಅದರಲ್ಲೂ ಜಾದವ್‌ಪುರಕ್ಕೆ ತರ್ಕ ಮತ್ತು ವಿಶ್ಲೇಷಣೆಯಲ್ಲಿ ಹೆಸರು. ದೆಹಲಿಯಲ್ಲಿ ಹಿಂದೂ, ಸೇಂಟ್ ಸ್ಟೀಫನ್ಸ್, ಹುಡುಗಿಯರಿಗೆ ಮಿರಾಂಡಾ ಹೌಸ್, ಲೇಡಿ ಶ್ರೀರಾಮ್. ದೆಹಲಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಉಂಟು, ಮಲಯಾಳವೂ ಉಂಟು. ಆದರೆ ಅರ್ಜಿ ಹಾಕುವುದು ಪ್ಲಸ್ ಟು ರಿಸಲ್ಟಿಗೂ ಮೊದಲೇ. ರಿಸಲ್ಟ್ ಬಂದ ಮೇಲೆ ನನ್ನ ಅಂಗಳಕ್ಕೆ ಬಂದರೆ ತಡ. ಸೋನಿಪತ್‌ನ ಅಶೋಕದಂಥ ಖಾಸಗಿ ವಿಶ್ವವಿದ್ಯಾಲಯಗಳ ಫೀಸು ಲಕ್ಷಗಳಲ್ಲಿ. ಮನೆಯ ಆದಾಯ ನೋಡಿ ರಿಯಾಯಿತಿ ಕೊಡುತ್ತಾರೆ, ಅದು ಸಿಕ್ಕಿದರೆ ಮಾತ್ರ ಯೋಚಿಸಿ.

ನಮಗೆ ಮಾತ್ರ ಇರುವ ತಲೆನೋವು

ಗಡಿಯಲ್ಲಿ ಇರುವವರಿಗೆ ಎರಡು ಕೆಎಸ್‌ಆರ್‌ಟಿಸಿ ಇದ್ದ ಹಾಗೆ ಎರಡು ಕಡೆಯ ಕಾಗದಪತ್ರವೂ ಇರುತ್ತದೆ. ಕೇರಳದ ಪ್ಲಸ್ ಟು ಮುಗಿಸಿ ಕರ್ನಾಟಕದ ಕಾಲೇಜಿಗೆ ಹೋದರೆ ಎಲಿಜಿಬಿಲಿಟಿ, ಮೈಗ್ರೇಷನ್ ಸರ್ಟಿಫಿಕೇಟು ಕೇಳುತ್ತಾರೆ. ಕೇರಳ ಸರಕಾರದ ಇ-ಗ್ರ್ಯಾಂಟ್ಸ್ ವಿದ್ಯಾರ್ಥಿವೇತನ ಸಿಗುವವರು, ಹೊರರಾಜ್ಯಕ್ಕೆ ಹೋದರೆ ಅದು ಮುಂದುವರಿಯುತ್ತದಾ ಎಂದು ಮೊದಲೇ ವಿಚಾರಿಸಿ. ತಲಶ್ಶೇರಿ ಕಡೆ ಸೇರಿದರೆ ಎರಡನೇ ಭಾಷೆಯಾಗಿ ಕನ್ನಡ ಸಿಗುತ್ತದಾ, ಹಿಂದಿಯೋ ಬೇರೆಯೋ ತೆಗೆದುಕೊಳ್ಳಬೇಕಾ ಎಂಬುದನ್ನೂ ಕೇಳಿ.

ಭಾಷೆಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಕೇರಳದ ಬಹಳಷ್ಟು ಕ್ಲಾಸುಗಳಲ್ಲಿ ಪುಸ್ತಕ ಇಂಗ್ಲಿಷು, ವಿವರಣೆ ಮಲಯಾಳ. ನಮ್ಮ ಮಕ್ಕಳಿಗೆ ಮಲಯಾಳ ಕಿವಿಗೆ ಬರುತ್ತದೆ, ಬರೆಯುವುದು ಕಷ್ಟ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪರೀಕ್ಷೆಗೆ ಇಂಗ್ಲಿಷು. ಇದು ಹೊರೆ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಒಂದೇ ಭಾಷೆಯವರಿಗೆ ಕಾಣದ್ದು ನಮಗೆ ಕಾಣುತ್ತದೆ ಅಂತ. ಕನ್ನಡದಲ್ಲಿ ಮನಸ್ಸು, ಬುದ್ಧಿ, ಚಿತ್ತ ಅಂತ ಮೂರು ಇರುವಲ್ಲಿ ಇಂಗ್ಲಿಷಿನಲ್ಲಿ ಮೈಂಡ್ ಒಂದೇ. ಹಾಗಾದರೆ ಇರುವುದು ಒಂದಾ ಮೂರಾ? ಎರಡನೇ ಭಾಷೆ ಗೊತ್ತಿಲ್ಲದವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಇಂಗ್ಲಿಷು ಮಾತ್ರ ಗಟ್ಟಿ ಮಾಡಿಕೊಳ್ಳಲೇಬೇಕು. ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ವರ್ಷ ಕಣ್ಣೀರು ಬರುತ್ತದೆ. ಮೊದಲು ವಾದವನ್ನು ಕನ್ನಡದಲ್ಲೇ ಐದು ಸಾಲಿನಲ್ಲಿ ಬರೆದುಕೊಳ್ಳಿ, ಆ ಹೊಗೆ ಬೆಂಕಿಯ ಹಾಗೆ. ಐದು ಸಾಲು ಬರದಿದ್ದರೆ ನಿಮಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಅಲ್ಲಿ ಇಂಗ್ಲಿಷಿನ ತಪ್ಪೇನೂ ಇಲ್ಲ.

ಅಪ್ಪನ ಕೊನೆಯ ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದ್ದೇ: "ಮುಂದೆ ಎಂತ?" ಬೇಗ ಹೇಳಿಬಿಡುತ್ತೇನೆ. ಎಂ.ಎ. ಮಾಡಿ ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆ ಬರೆದರೆ ಪಾಠ, ಸಂಶೋಧನೆ. ಹುದ್ದೆಗಳು ಕಡಿಮೆ, ಮುಚ್ಚಿಡುವುದು ಬೇಡ. ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು, ನನ್ನ ಜೊತೆಯವರಲ್ಲಿ ಅದಕ್ಕೆ ಹೋದವರೇ ಜಾಸ್ತಿ. ಪತ್ರಿಕೆ, ಪ್ರಕಾಶನ, ಬಿ.ಎಡ್. ಯುಪಿಎಸ್‌ಸಿಯಲ್ಲಿ ಫಿಲಾಸಫಿ ಐಚ್ಛಿಕ ವಿಷಯ, ಎರಡು ಪೇಪರು, 500 ಮಾರ್ಕು. ಆದರೆ ಯುಪಿಎಸ್‌ಸಿಗೆ ಬೇಕು ಅಂತ ಮಾತ್ರ ಫಿಲಾಸಫಿ ಡಿಗ್ರಿಗೆ ಸೇರಬೇಡಿ. ಆ ಸಿಲಬಸ್ಸನ್ನು ಆಮೇಲೂ ಓದಿಕೊಳ್ಳಬಹುದು. ಡಿಗ್ರಿ ಮಾಡುವುದು ಬೇರೆ ಕಾರಣಕ್ಕೆ.

ಇನ್ನೊಂದು ಮಾತು ಕೇಳಿ ಅಪ್ಪ ಮಗಳು ಇಬ್ಬರಿಗೂ ಸಮಾಧಾನ ಆಯಿತು. ಇದು ರಾತ್ರಿಯ ಕೊನೆ ಬಸ್ಸಲ್ಲ. ಯಾವುದೇ ಡಿಗ್ರಿ ಇದ್ದವರನ್ನು ಫಿಲಾಸಫಿ ಎಂ.ಎ.ಗೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಬೇಕಾದಷ್ಟಿವೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲೇ ಇಂಗ್ಲಿಷೋ ಕನ್ನಡವೋ ಗಣಿತವೋ ಚೆನ್ನಾಗಿ ಓದಿ, ಜೊತೆಗೆ ಓದು ಬಿಡದೆ, ಆಮೇಲೆ ಈ ಕಡೆ ತಿರುಗಿದರೂ ಏನೂ ನಷ್ಟವಿಲ್ಲ. ಬರಹ ಯಾರೂ ಓದದ ಫಿಲಾಸಫಿ ವಿಭಾಗಕ್ಕಿಂತ, ಬರಹ ತಿದ್ದುವ ಇಂಗ್ಲಿಷ್ ವಿಭಾಗವೇ ಮೇಲು ಎಂದು ನಾನು ಹೇಳುತ್ತೇನೆ. ಇದನ್ನು ಒಪ್ಪದ ಗೆಳೆಯರು ನನಗೆ ಇದ್ದಾರೆ.

ಹೋದ ವಾರ ಅವರಿಬ್ಬರೂ ಒಂದು ಕಾಲೇಜು ನೋಡಿ ಬಂದರು. ಅಪ್ಪನನ್ನೂ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿದರಂತೆ. ಊರು ಯಾವುದು ಅಂತ ಅಧ್ಯಾಪಕರು ಹುಡುಗಿಯನ್ನು ಕೇಳಿದರು. ಹೇಳಿದಳು. "ನಿಮ್ಮಲ್ಲಿ ಮಂಜೇಶ್ವರ, ನಮ್ಮಲ್ಲಿ ಮಂಜೇಶ್ವರಂ. 1956ರ ನವೆಂಬರ್ 1ಕ್ಕೆ ಮೊದಲು ಅದು ಮದ್ರಾಸು ರಾಜ್ಯದಲ್ಲಿತ್ತು, ಈಗ ಕೇರಳದಲ್ಲಿದೆ. ಹೆಸರು ಎರಡು, ರಾಜ್ಯ ಬೇರೆ, ಜನರೂ ಅಂದಿನವರಲ್ಲ. ಅದು ಅದೇ ಊರಾ?" ಅಂತ ಪ್ರಶ್ನೆ ಹಾಕಿದರಂತೆ. ಹುಡುಗಿ ಹೌದು ಅಂದಳು. ಯಾಕೆ ಅಂದರು. ಅವಳು ಯೋಚಿಸುತ್ತಿರುವಾಗ ಹಿಂದಿನ ಬೆಂಚಿನಿಂದ ಅಪ್ಪ ಎದ್ದು ನಿಂತು, "ಅಲ್ಲ, ಅದು ಹೇಗೆ ಅದೇ ಆಗ್ತದೆ?" ಅಂದುಬಿಟ್ಟರಂತೆ.

ರೈಲಿನಲ್ಲಿ ಕಾಸರಗೋಡು ತನಕ, ಅಲ್ಲಿಂದ ಬಸ್ಸಿನಲ್ಲಿ ಮನೆ ತನಕ ಇಬ್ಬರಿಗೂ ಅದೇ ಜಗಳ. ಅರ್ಜಿ ಇನ್ನೂ ಹಾಕಿಲ್ಲ.